ಒಳ್ಳೆಯ ಆಟ ನಮ್ಮನ್ನು ಹೇಗೆ ಸೋಲಿಸುತ್ತದೆ?

ವಿಡಿಯೊ ಗೇಮ್‌ಗಳ ವಿಮರ್ಶೆ ಓದಲು ಕೂತರೆ ಮೂರು ಸಂಗತಿ ತಪ್ಪದೆ ಸಿಗುತ್ತವೆ. ಗ್ರಾಫಿಕ್ಸ್ ಹೇಗಿದೆ, ಮ್ಯಾಪ್ ಎಷ್ಟು ದೊಡ್ಡದು, ಮುಗಿಸಲು ಎಷ್ಟು ಗಂಟೆ ಹಿಡಿಯುತ್ತದೆ. ದುಡ್ಡು ಕೊಟ್ಟು ಕೊಳ್ಳುವವರಿಗೆ ಮೂರೂ ಬೇಕಾದ ಮಾಹಿತಿಯೇ. ಆದರೆ ಆಟ ಚೆನ್ನಾಗಿದೆಯೋ ಇಲ್ಲವೋ ಎಂಬುದು ಈ ಮೂರರಿಂದಲೂ ಗೊತ್ತಾಗುವುದಿಲ್ಲ. ಈಚೆಗೆ ಆಡಿದ ಆ್ಯಕ್ಷನ್, ರೋಲ್ ಪ್ಲೇಯಿಂಗ್ ಮತ್ತು ಹಾರರ್ ಆಟಗಳನ್ನು ತೂಗಿ ನೋಡಲು ನಾನು ಬೇರೊಂದು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಈ ಆಟ ನನ್ನನ್ನು ಹೇಗೆ ಸೋಲಿಸುತ್ತದೆ, ಸೋತ ಮೇಲೆ ನನ್ನ ಜೊತೆ ಹೇಗೆ ನಡೆದುಕೊಳ್ಳುತ್ತದೆ?

ಕಾದಂಬರಿ ಯಾರನ್ನೂ ಸೋಲಿಸುವುದಿಲ್ಲ. ಬೇಸರ ಬಂದರೆ ನಾಲ್ಕು ಪುಟ ಹಾರಿಸಿ ಮುಂದಕ್ಕೆ ಹೋಗಬಹುದು. ಸಿನಿಮಾ ನೋಡುತ್ತ ನಿದ್ದೆ ಹೋದರೂ ಕ್ಲೈಮ್ಯಾಕ್ಸ್ ತನ್ನ ಪಾಡಿಗೆ ತಾನು ಬರುತ್ತದೆ. ಆಟದಲ್ಲಿ ಈ ಸೌಕರ್ಯವಿಲ್ಲ. ನಮ್ಮ ಕೈಲಾಗದಿದ್ದರೆ ಕಥೆ ಅಲ್ಲೇ ನಿಂತುಬಿಡುತ್ತದೆ. ಹೀಗೆ ನಿಲ್ಲಿಸುವ ಅಧಿಕಾರ ಇರುವುದರಿಂದಲೇ, ಅದನ್ನು ಯಾವಾಗ ಮತ್ತು ಯಾತಕ್ಕೆ ಬಳಸಬೇಕು ಎಂಬುದು ಆಟ ಕಟ್ಟುವವರ ಮುಖ್ಯ ತಲೆನೋವು.

ಮೊದಮೊದಲು ಈ ಅಧಿಕಾರ ಬಳಕೆಯಾದದ್ದು ವ್ಯಾಪಾರಕ್ಕೆ. 1980ರ ದಶಕದ ಆರ್ಕೇಡ್ ಯಂತ್ರಗಳಲ್ಲಿ ಆಟಗಾರ ಬೇಗ ಸತ್ತರೆ ಅಂಗಡಿಯವನಿಗೆ ಲಾಭ. ಇನ್ನೊಂದು ನಾಣ್ಯ ಬೀಳುತ್ತದೆ. ಇವತ್ತಿನ ಎಷ್ಟೋ ಉಚಿತ ಮೊಬೈಲ್ ಆಟಗಳು ಅದೇ ವಂಶದವು. ಸೋತ ತಕ್ಷಣ ‘ಮುಂದುವರಿಸಲು ಇಷ್ಟು ರೂಪಾಯಿ’ ಎಂದೋ, ‘ಇಲ್ಲವಾದರೆ ನಾಲ್ಕು ಗಂಟೆ ಕಾಯಿರಿ’ ಎಂದೋ ಪರದೆ ಮೇಲೆ ಬರುತ್ತದೆ. ಅಲ್ಲಿ ಸೋಲು ಎಂದರೆ ಕ್ಯಾಷ್ ಕೌಂಟರ್. ನಮ್ಮಲ್ಲಿ ಇದರ ಜೊತೆಗೆ ಇನ್ನೊಂದು ಗೊಂದಲವೂ ಸೇರಿಕೊಂಡಿದೆ. ದುಡ್ಡು ಕಟ್ಟಿ ಆಡುವ ರಮ್ಮಿ, ಪೋಕರ್‌ಗಳ ಬಗ್ಗೆ 2021ರಲ್ಲಿ ಕರ್ನಾಟಕ ಕಾನೂನು ಮಾಡಿತು, 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು, 2025ರ ಆಗಸ್ಟ್‌ನಲ್ಲಿ ಸಂಸತ್ತೇ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ತಂದಿತು. ಇಷ್ಟೂ ವರ್ಷದ ಸುದ್ದಿಯಲ್ಲಿ ‘ಗೇಮ್’ ಎಂದರೆ ಮನೆ ಹಾಳುಮಾಡುವ ಜೂಜು ಎಂಬ ಭಾವನೆ ಊರೂರಿಗೂ ಹಬ್ಬಿತು. ನಾನು ಇಲ್ಲಿ ಹೇಳುತ್ತಿರುವ ಆಟಗಳು ಆ ಜಾತಿಯವಲ್ಲ. ಒಮ್ಮೆ ಕೊಂಡರೆ ಆಯಿತು. ನೂರು ಸಲ ಸತ್ತರೂ ಯಾರೂ ಕೈ ಚಾಚುವುದಿಲ್ಲ. ಹಾಗಾಗಿ ಇವುಗಳಲ್ಲಿ ಸೋಲಿಗೆ ಬೇರೆ ಕೆಲಸ ಹುಡುಕಬೇಕಾಗುತ್ತದೆ. ಯಾವ ಆಟ ಎಂಥ ಕೆಲಸ ಹುಡುಕಿದೆ ಎಂದು ನೋಡೋಣ.

ಆ್ಯಕ್ಷನ್‌ನಿಂದ ಶುರುಮಾಡಿದರೆ, ಜಪಾನಿನ ಫ್ರಮ್‌ಸಾಫ್ಟ್‌ವೇರ್ ಕಂಪನಿಯ ‘ಎಲ್ಡನ್ ರಿಂಗ್’ ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ಹಿಡೆಟಾಕ ಮಿಯಾಜಾಕಿ ನಿರ್ದೇಶನದ ಈ ಆಟ ಬಂದದ್ದು 2022ರ ಫೆಬ್ರುವರಿಯಲ್ಲಿ. ಅದರ ಲೋಕದ ಪುರಾಣವನ್ನು ಹೆಣೆದವರು ‘ಗೇಮ್ ಆಫ್ ಥ್ರೋನ್ಸ್’ ಖ್ಯಾತಿಯ ಜಾರ್ಜ್ ಆರ್. ಆರ್. ಮಾರ್ಟಿನ್. ಹೊಸಬರು ಮೊದಲು ಮುಗ್ಗರಿಸುವ ಜಾಗ ಸ್ಟಾರ್ಮ್‌ವೇಲ್ ಕೋಟೆಯ ಹೆಬ್ಬಾಗಿಲು. ಅಲ್ಲಿ ಮಾರ್ಗಿಟ್ ಎಂಬ ಕೋಡಿನ ದೈತ್ಯ ದೊಣ್ಣೆ ಹಿಡಿದು ಕಾಯುತ್ತಿರುತ್ತಾನೆ.

ಅವನು ದೊಣ್ಣೆಯನ್ನು ತಲೆಯ ಮೇಲಕ್ಕೆ ಎತ್ತುತ್ತಾನೆ. ಬೇರೆ ಆಟಗಳಲ್ಲಿ ಪಳಗಿದವರ ಬೆರಳು ತಾನಾಗಿಯೇ ಗುಂಡಿ ಒತ್ತುತ್ತದೆ, ನಮ್ಮ ಪಾತ್ರ ನೆಲದ ಮೇಲೆ ಉರುಳುತ್ತದೆ. ಉರುಳುವಾಗ ಅರೆ ಸೆಕೆಂಡಿಗೂ ಕಮ್ಮಿ ಹೊತ್ತು ಯಾವ ಏಟೂ ತಾಗದು. ಮಾರ್ಗಿಟ್ ಮಾತ್ರ ಎತ್ತಿದ ಕೈಯನ್ನು ಇಳಿಸಿಯೇ ಇರುವುದಿಲ್ಲ! ನಾವು ಉರುಳಿ ಎದ್ದು ನಿಲ್ಲುವ ಹೊತ್ತಿಗೆ ಸರಿಯಾಗಿ ದೊಣ್ಣೆ ಬೀಳುತ್ತದೆ. ನಾಲ್ಕಾರು ಸಲ ಹೀಗೆ ಸತ್ತ ಮೇಲೆ ಬುದ್ಧಿಗೆ ಹೊಳೆಯುತ್ತದೆ. ನಾವು ಅವನ ಕೈ ಏಳುವುದನ್ನು ನೋಡಿ ಹೆದರುತ್ತಿದ್ದೇವೆ, ನೋಡಬೇಕಾದದ್ದು ಇಳಿಯುವುದನ್ನು. ಇಷ್ಟು ತಿಳಿದ ದಿನ ಅದೇ ಮಾರ್ಗಿಟ್ ಅರ್ಧ ಸಣ್ಣವನಾಗಿ ಕಾಣುತ್ತಾನೆ. ಆಟದೊಳಗಿನ ನಮ್ಮ ಶಕ್ತಿ ಒಂದಿಷ್ಟೂ ಹೆಚ್ಚಿರುವುದಿಲ್ಲ, ಕಣ್ಣು ಮಾತ್ರ ಪಳಗಿರುತ್ತದೆ. ಒಳ್ಳೆಯ ಆ್ಯಕ್ಷನ್ ಆಟದಲ್ಲಿ ಸೋಲು ಮಾಡಬೇಕಾದ ಕೆಲಸ ಇದೇ.

ದಂಡವೂ ಇದೆ. ವೈರಿಗಳನ್ನು ಕೊಂದು ಗಳಿಸಿದ ‘ರೂನ್’ಗಳು ಸತ್ತ ಜಾಗದಲ್ಲೇ ಬಿದ್ದಿರುತ್ತವೆ. ಹೋಗಿ ಎತ್ತಿಕೊಳ್ಳಬಹುದು; ದಾರಿಯಲ್ಲಿ ಇನ್ನೊಮ್ಮೆ ಸತ್ತರೆ ಹೋಯಿತು, ಅಷ್ಟೂ ನೀರಿಗೆ ಬಿದ್ದ ಹಾಗೆ. ಆದರೆ ಇದೇ ಕಂಪನಿಯ 2011ರ ‘ಡಾರ್ಕ್ ಸೋಲ್ಸ್’ನಲ್ಲಿ ಸತ್ತಾಗಲೆಲ್ಲ ದೊಡ್ಡ ವೈರಿಯ ಬಾಗಿಲಿಗೆ ಮತ್ತೆ ದೂರದಿಂದ ಓಡಿ ಬರಬೇಕಿತ್ತು. ‘ಎಲ್ಡನ್ ರಿಂಗ್’ ದೊಡ್ಡ ಕಾಳಗಗಳ ಪಕ್ಕದಲ್ಲೇ ಮರುಜೀವದ ಕಂಬಗಳನ್ನು ನೆಟ್ಟು ಆ ಓಟವನ್ನು ತಪ್ಪಿಸಿತು. ಕಾಳಗ ಕಷ್ಟವಿರಲಿ, ಕಾಳಗಕ್ಕೆ ಹೋಗುವ ದಾರಿ ಯಾಕೆ ಕಷ್ಟವಾಗಬೇಕು? ಮಾರ್ಗಿಟ್ ಬಗ್ಗದಿದ್ದರೆ ಅವನನ್ನು ಅಲ್ಲೇ ಬಿಟ್ಟು ಕುದುರೆ ಏರಿ ಬೇರೆ ದಿಕ್ಕಿಗೆ ಹೋಗಬಹುದು, ಬಲ ಕೂಡಿಸಿಕೊಂಡು ಬರಬಹುದು. ತಪ್ಪುಗಳೂ ಉಂಟು. ಕೊನೆಯ ಮೂರನೇ ಒಂದು ಭಾಗದಲ್ಲಿ ಹಳೆಯ ದೈತ್ಯರೇ ಬಣ್ಣ ಬದಲಿಸಿ ಮತ್ತೆ ಬರುತ್ತಾರೆ. ಮನೆಗಾತ್ರದ ವೈರಿಯ ಕಾಲಡಿ ಸಿಕ್ಕಿಕೊಂಡಾಗ ಕ್ಯಾಮೆರಾಗೆ ಏನು ತೋರಿಸಬೇಕೆಂದೇ ತಿಳಿಯುವುದಿಲ್ಲ. ಯಾಕೆ ಸತ್ತೆ ಎಂದೇ ಕಾಣದ ಸಾವಿನಿಂದ ಕಲಿಯುವುದಕ್ಕೆ ಏನೂ ಉಳಿಯುವುದಿಲ್ಲ.

2024ರ ಆಗಸ್ಟ್‌ನಲ್ಲಿ ಬಂದ ಚೀನಾದ ‘ಬ್ಲ್ಯಾಕ್ ಮಿತ್: ವುಕಾಂಗ್’ ಇದೇ ಹಾದಿಯ ಇನ್ನೊಂದು ಆಟ. ಮೂರೇ ದಿನದಲ್ಲಿ ಒಂದು ಕೋಟಿ ಪ್ರತಿ ಮಾರಾಟವಾಯಿತು. ಹದಿನಾರನೇ ಶತಮಾನದ ಚೀನಿ ಕಾದಂಬರಿ ‘ಪಶ್ಚಿಮ ಯಾತ್ರೆ’ ಇದಕ್ಕೆ ಆಧಾರ. ಬೌದ್ಧ ಗ್ರಂಥ ತರಲು ಭಾರತಕ್ಕೆ ಹೊರಟ ಭಿಕ್ಷುವಿಗೆ ಕಾವಲಾಗಿ ಬರುವ ಕಪಿರಾಯನ ಕಥೆ ಅದು. ಆ ಭಿಕ್ಷುವಿನ ಹಿಂದೆ ಇರುವ ನಿಜವಾದ ವ್ಯಕ್ತಿ ನಮ್ಮ ಶಾಲಾ ಪಾಠದ ಹ್ಯೂಯೆನ್ ತ್ಸಾಂಗ್. ಏಳನೇ ಶತಮಾನದಲ್ಲಿ ಇಮ್ಮಡಿ ಪುಲಿಕೇಶಿಯ ರಾಜ್ಯಕ್ಕೂ ಬಂದು, ಅಲ್ಲಿನ ಜನರ ಶೌರ್ಯವನ್ನು ಬರೆದಿಟ್ಟವನು. ಆಟದ ಎರಡನೇ ಅಧ್ಯಾಯದಲ್ಲಿ ರುಂಡವಿಲ್ಲದ ಭಿಕ್ಷುವೊಬ್ಬ ಮರಳುಗಾಡಿನಲ್ಲಿ ಕೂತು ತಂತಿವಾದ್ಯ ಮೀಟುತ್ತ ಹಾಡುತ್ತಾನೆ. ಅದು ಚೀನಾದ ಶಾನ್‌ಶಿ ಪ್ರಾಂತ್ಯದ ಉತ್ತರ ಭಾಗದ ಕಥನಗಾಯನ ಶೈಲಿ. ಪ್ರತಿ ಅಧ್ಯಾಯದ ಕೊನೆಗೆ ಬೇರೆ ಬೇರೆ ಶೈಲಿಯ ಪುಟ್ಟ ಅನಿಮೇಷನ್ ಚಿತ್ರವೂ ಇದೆ. ತಮ್ಮ ಊರಿನ ಸರಕನ್ನು ಇಷ್ಟು ಧೈರ್ಯವಾಗಿ ಬಳಸಿದ್ದಾರಲ್ಲ ಎಂದು ಹೊಟ್ಟೆಕಿಚ್ಚಾಗುತ್ತದೆ. ಪುಣೆಯ ನೋಡಿಂಗ್ ಹೆಡ್ಸ್ ಗೇಮ್ಸ್ ತಂಡದ ‘ರಾಜಿ’ 2020ರಲ್ಲಿ ಇಂಥದೊಂದು ಸಣ್ಣ ಪ್ರಯತ್ನ ಮಾಡಿತ್ತು.

ಕಾಳಗದಲ್ಲಿ ‘ವುಕಾಂಗ್’ ಸೊಗಸು. ವೈರಿಯನ್ನು ನಿಂತಲ್ಲೇ ಸ್ತಂಭಿಸುವ ಮಂತ್ರ, ಸೋತ ರಾಕ್ಷಸನ ರೂಪವನ್ನೇ ತೊಡುವ ವಿದ್ಯೆ, ಎಲ್ಲ ಕೈಗೆ ಹಿತವಾಗಿ ಕೂರುತ್ತವೆ. ಆದರೆ ಕಾಡಿನಲ್ಲಿ ನಡೆಯುವಾಗ ಕಣ್ಣಿಗೆ ದಾರಿಯ ಹಾಗೆ ಕಾಣುವ ಕಡೆಯೆಲ್ಲ ಕಾಣದ ಗೋಡೆಗಳಿವೆ. ಒಂದು ಬಂಡೆ ಹತ್ತಬಹುದು, ಪಕ್ಕದ ಅಂಥದೇ ಬಂಡೆಗೆ ಮೂಗು ತಾಗಿ ನಿಲ್ಲಬೇಕು. ದೈತ್ಯನ ಕೈಲಿ ನೂರು ಸಲ ಸೋಲಬಹುದು, ಬೇಜಾರಿಲ್ಲ. ಕಾಣದ ಗೋಡೆಯ ಎದುರು ಸೋಲುವುದು ಅವಮಾನ. ಅದರಲ್ಲಿ ನನ್ನ ತಪ್ಪೇನೂ ಇಲ್ಲ.

ರೋಲ್ ಪ್ಲೇಯಿಂಗ್ ಆಟಗಳ ಮಾತು ಬೇರೆ. ಇಲ್ಲಿ ಬೆರಳಿನ ಚುರುಕಿಗಿಂತ ಪಾತ್ರದ ಗುಣ, ಮಾತು ಮತ್ತು ತೀರ್ಮಾನಗಳಿಗೆ ಹೆಚ್ಚು ಬೆಲೆ. ಬೆಲ್ಜಿಯಂನ ಲೇರಿಯನ್ ಸ್ಟುಡಿಯೋಸ್ 2023ರ ಆಗಸ್ಟ್‌ನಲ್ಲಿ ತಂದ ‘ಬಾಲ್ಡರ್ಸ್ ಗೇಟ್ 3’ ಈ ಪ್ರಕಾರದಲ್ಲಿ ನಾನು ಆಡಿದ ಅತ್ಯುತ್ತಮ ಆಟ. ಇದರ ಬೇರು 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ನಲ್ಲಿದೆ. ಗೆಳೆಯರು ಮೇಜಿನ ಸುತ್ತ ಕೂತು, ಒಬ್ಬ ಕಥೆ ಹೇಳುತ್ತ, ಉಳಿದವರು ದಾಳ ಹಾಕುತ್ತ ಆಡುವ ಆಟ ಅದು. ಕಂಪ್ಯೂಟರ್ ಪರದೆಯ ಮೇಲೂ ಅದೇ ಇಪ್ಪತ್ತು ಮುಖದ ದಾಳ ಉರುಳುತ್ತದೆ. ಕಾವಲುಗಾರನನ್ನು ಮಾತಿನಲ್ಲಿ ಮರುಳು ಮಾಡಬೇಕೆ? ಇಷ್ಟು ಬೀಳಬೇಕು ಎಂದು ಮೊದಲೇ ತೋರಿಸುತ್ತಾರೆ. ಒಂದು ಬಿದ್ದರೆ ನೀವು ಎಂಥ ಮಾತುಗಾರರಾದರೂ ಕೆಲಸ ಕೆಟ್ಟಂತೆ.

ಸ್ವಾರಸ್ಯ ಇರುವುದು ಕೆಟ್ಟ ಮೇಲೆ. ಮಾತು ಮುರಿದರೆ ಹೊಡೆದಾಟ ಶುರುವಾಗಬಹುದು, ಹೊಡೆದಾಟದಲ್ಲಿ ಬೇಕಾದವರೇ ಸಾಯಬಹುದು, ಆ ಸಾವು ಇಪ್ಪತ್ತು ಗಂಟೆಗಳ ನಂತರ ಬೇರೆ ಊರಿನಲ್ಲಿ ಎದುರಾಗಬಹುದು. ಒಂದು ಉದಾಹರಣೆ ನೋಡಿ. ಸತ್ತವರ ಜೊತೆ ಮಾತಾಡುವ ಮಂತ್ರವೊಂದಿದೆ. ಹೆಣಕ್ಕೆ ಐದು ಪ್ರಶ್ನೆ ಕೇಳಬಹುದು. ಆದರೆ ಅವನನ್ನು ಕೊಂದವರು ನೀವೇ ಆಗಿದ್ದರೆ ಹೆಣ ಬಾಯಿ ಬಿಡುವುದಿಲ್ಲ. ಕೊಂದವನಿಗೆ ಯಾಕೆ ಉತ್ತರ ಕೊಡಬೇಕು? ಹಾಗೆಂದು ದಾರಿ ಮುಚ್ಚಿಹೋಗಿಲ್ಲ. ವೇಷ ಬದಲಿಸುವ ಇನ್ನೊಂದು ಮಂತ್ರ ಹಾಕಿಕೊಂಡು, ಬೇರೆ ಮುಖ ಹೊತ್ತು ಬಂದರೆ ಅದೇ ಹೆಣ ಗುಟ್ಟು ಬಿಡುತ್ತದೆ. ಆಟಗಾರ ಹೀಗೂ ಯೋಚಿಸಬಹುದು ಎಂದು ಮೊದಲೇ ಊಹಿಸಿ, ಅದಕ್ಕೆ ಜಾಗ ಬಿಟ್ಟಿದ್ದಾರಲ್ಲ, ಅದು ನಿಜವಾದ ಕಸುಬು.

ಇಷ್ಟಿದ್ದೂ ಆಟಗಾರರು ಈ ಸೋಲುಗಳ ರುಚಿ ನೋಡುವುದೇ ಕಮ್ಮಿ. ಯಾಕೆಂದರೆ ಕೀಬೋರ್ಡಿನಲ್ಲಿ ಎಫ್5 ಒತ್ತಿದರೆ ಆಟ ಸೇವ್ ಆಗುತ್ತದೆ, ಎಫ್8 ಒತ್ತಿದರೆ ಅಲ್ಲಿಗೇ ವಾಪಸ್. ಗರ ಸರಿ ಬೀಳದಿದ್ದರೆ ಎಫ್8, ಮತ್ತೆ ದಾಳ. ಧರ್ಮರಾಯನಿಗೆ ಈ ಸೌಲಭ್ಯವಿದ್ದಿದ್ದರೆ ಮಹಾಭಾರತ ಸಭಾಪರ್ವದಲ್ಲೇ ಮುಗಿದುಹೋಗುತ್ತಿತ್ತು, ವನವಾಸವೂ ಇಲ್ಲ, ಕುರುಕ್ಷೇತ್ರವೂ ಇಲ್ಲ. ಕೆಟ್ಟ ಗರವನ್ನು ಅಳಿಸಿಹಾಕುವವರು ಗೆದ್ದುಕೊಳ್ಳುವುದು ಇಂಥದೇ ಕಥೆಯಿಲ್ಲದ ಕಥೆಯನ್ನು. ಲೇರಿಯನ್‌ನವರಿಗೂ ಇದು ಗೊತ್ತಿತ್ತು. 2023ರ ನವೆಂಬರ್ ಕೊನೆಗೆ ‘ಆನರ್ ಮೋಡ್’ ಎಂಬ ವಿಧಾನ ಸೇರಿಸಿದರು. ಅದರಲ್ಲಿ ಒಂದೇ ಸೇವ್. ಬಿದ್ದ ಗರ ಬಿದ್ದದ್ದೇ. ಮೊದಲ ಸಲ ಆಡುವವರಿಗೆ ಅದು ತೀರಾ ಕಠಿಣ. ಅವರು ಒಂದು ವ್ರತ ಹಿಡಿದರೆ ಸಾಕು: ಸತ್ತರೆ ಮಾತ್ರ ಎಫ್8, ಮಾತು ಮುರಿದರೆ ಇಲ್ಲ. ಆಟದ ಕುಂದುಗಳನ್ನೂ ಹೇಳಿಬಿಡಬೇಕು. ಗಂಟುಮೂಟೆಯಲ್ಲಿ ಬೇಕಾದ ಸಾಮಾನು ಹುಡುಕುವುದೇ ಒಂದು ಶಿಕ್ಷೆ. ಕಥೆ ದೊಡ್ಡ ನಗರಕ್ಕೆ ಬರುವ ಮೂರನೇ ಅಂಕದ ಹಿಡಿತ ಮೊದಲಿನೆರಡರಷ್ಟು ಬಿಗಿಯಾಗಿಲ್ಲ.

ಈ ಎರಡು ಪ್ರಕಾರಗಳನ್ನು ಬೆಸೆಯುವ ಸಾಹಸ ಮಾಡಿದ್ದು ಫ್ರಾನ್ಸಿನ ಸ್ಯಾಂಡ್‌ಫಾಲ್ ಇಂಟರಾಕ್ಟಿವ್ ಎಂಬ ಪುಟ್ಟ ತಂಡ. 2025ರ ಏಪ್ರಿಲ್‌ನಲ್ಲಿ ಬಂದ ಅವರ ‘ಕ್ಲೇರ್ ಆಬ್ಸ್ಕ್ಯೂರ್: ಎಕ್ಸ್‌ಪೆಡಿಷನ್ 33’ರ ಲೋಕದಲ್ಲಿ ಚಿತ್ರಕಾರ್ತಿಯೊಬ್ಬಳು ವರ್ಷಕ್ಕೊಮ್ಮೆ ಎದ್ದು ದೈತ್ಯ ಕಂಬದ ಮೇಲೆ ಒಂದು ಸಂಖ್ಯೆ ಬರೆಯುತ್ತಾಳೆ. ಆ ವಯಸ್ಸಿನವರೆಲ್ಲ ಹೂವಿನ ಎಸಳುಗಳಾಗಿ ಉದುರಿ ಮಾಯವಾಗುತ್ತಾರೆ. ಸಂಖ್ಯೆ ವರ್ಷ ವರ್ಷ ಇಳಿಯುತ್ತದೆ. ಕಾಳಗ ಸರದಿಯ ಪ್ರಕಾರ ನಡೆಯುತ್ತದೆ; ನಾವು ಯೋಚಿಸಿ ಏಟು ಹಾಕಬಹುದು. ಆದರೆ ವೈರಿಯ ಸರದಿ ಬಂದಾಗ ಕೈ ಕಟ್ಟಿ ಕೂರುವಂತಿಲ್ಲ. ಏಟು ತಾಗುವ ಕ್ಷಣಕ್ಕೆ ಸರಿಯಾಗಿ ಗುಂಡಿ ಒತ್ತಿದರೆ ಒಂದು ಹನಿ ರಕ್ತವೂ ಹೋಗುವುದಿಲ್ಲ. ಹೀಗಾಗಿ ಇಲ್ಲಿ ಸೋತರೆ ಯೋಜನೆ ತಪ್ಪಿತೋ ಕೈ ತಪ್ಪಿತೋ ಎಂದು ಎರಡನ್ನೂ ಕೇಳಿಕೊಳ್ಳಬೇಕು. ಕೊನೆಕೊನೆಗೆ ನಮ್ಮ ಪಾತ್ರಗಳು ಅತಿ ಬಲಶಾಲಿಗಳಾಗಿ ಕಾಳಗ ಸಪ್ಪೆಯಾಗುತ್ತದೆ ಎಂಬುದೊಂದೇ ನನ್ನ ತಕರಾರು. 2025ರ ‘ದ ಗೇಮ್ ಅವಾರ್ಡ್ಸ್’ನಲ್ಲಿ ವರ್ಷದ ಆಟ ಎಂದು ಆರಿಸಿದ್ದು ಸರಿಯಾಗಿಯೇ ಇದೆ.

ಇನ್ನು ಹಾರರ್. ಇಲ್ಲಿ ಲೆಕ್ಕವೆಲ್ಲ ತಲೆಕೆಳಗು. ಆ್ಯಕ್ಷನ್‌ನಲ್ಲಿ ಸಾವು ಪಾಠವಾದರೆ ಹಾರರ್‌ನಲ್ಲಿ ಸಾವು ನಷ್ಟ, ಅದೂ ಆಟಕ್ಕೆ! ಭಯ ಇರುವುದು ಸಾಯುವವರೆಗೆ. ಭೂತ ಒಮ್ಮೆ ಹಿಡಿದು ಕೊಂದ ಮೇಲೆ, ಅದೇ ಕೋಣೆಗೆ ಐದನೇ ಸಲ ಹೋಗುವಾಗ ಭೂತ ಯಾವ ಬಾಗಿಲಿನಿಂದ ಬರುತ್ತದೆಂದು ನಮಗೆ ಗೊತ್ತಿರುತ್ತದೆ. ಆಮೇಲೆ ಉಳಿಯುವುದು ಕಿರಿಕಿರಿ. ಆದ್ದರಿಂದ ಒಳ್ಳೆಯ ಹಾರರ್ ಆಟ ನಮ್ಮನ್ನು ಸಾವಿನ ಅಂಚಿಗೆ ತಳ್ಳಿ, ಅಲ್ಲೇ ಹಿಡಿದು ನಿಲ್ಲಿಸಿಕೊಳ್ಳಬೇಕು.

ಈ ಕಸರತ್ತನ್ನು ಹತ್ತಿರದಿಂದ ನೋಡಬೇಕೆಂದರೆ ಬ್ರಿಟನ್ನಿನ ಕ್ರಿಯೇಟಿವ್ ಅಸೆಂಬ್ಲಿ 2014ರಲ್ಲಿ ಮಾಡಿದ ‘ಏಲಿಯನ್: ಐಸೋಲೇಷನ್’ ಆಡಬೇಕು. ಹಳೆಯದಾದರೂ ಇವತ್ತಿಗೂ ಅದಕ್ಕೆ ಸಾಟಿ ಕಮ್ಮಿ. ಬಾಹ್ಯಾಕಾಶ ನಿಲ್ದಾಣದಲ್ಲಿ ಬಹುಪಾಲು ಹೊತ್ತು ನಮ್ಮನ್ನು ಬೇಟೆಯಾಡುವುದು ಒಂದೇ ಒಂದು ಏಲಿಯನ್. ಅದನ್ನು ಕೊಲ್ಲಲು ಸಾಧ್ಯವೇ ಇಲ್ಲ. ಅದರ ಹಿಂದೆ ಎರಡು ಬುದ್ಧಿಗಳು ಕೆಲಸ ಮಾಡುತ್ತವೆ. ಒಂದಕ್ಕೆ ನಾವು ಎಲ್ಲಿ ಅಡಗಿದ್ದೇವೆಂದು ಸದಾ ಗೊತ್ತು. ಇನ್ನೊಂದು ಏಲಿಯನ್‌ನದು, ಅದಕ್ಕೆ ತನ್ನ ಕಣ್ಣು ಕಿವಿಗೆ ಸಿಕ್ಕಿದ್ದಷ್ಟೇ ಗೊತ್ತು. ಮೊದಲನೆಯದು ಎರಡನೆಯದಕ್ಕೆ ‘ಆ ಕಡೆ ಹುಡುಕು’ ಎಂದು ಸುಳಿವು ಕೊಡುತ್ತದೆಯೇ ಹೊರತು ಜಾಗ ಬಿಟ್ಟುಕೊಡುವುದಿಲ್ಲ. ನಾವು ಬಹಳ ಹೊತ್ತು ಉಸಿರು ಬಿಗಿಹಿಡಿದಿದ್ದೇವೆ ಅನ್ನಿಸಿದರೆ ಪ್ರಾಣಿಯನ್ನು ದೂರಕ್ಕೂ ಕಳಿಸುತ್ತದೆ. ಹೀಗಾಗಿ ಅದು ಸದಾ ಪಕ್ಕದ ಕೋಣೆಯಲ್ಲೇ ಇದ್ದ ಹಾಗೆ ಭಾಸವಾಗುತ್ತದೆ, ಆದರೂ ಮೋಸ ಅನ್ನಿಸುವುದಿಲ್ಲ. ಆಟ ಸೇವ್ ಮಾಡಲೂ ಗೋಡೆಯ ಯಂತ್ರಕ್ಕೆ ಕಾರ್ಡ್ ತೂರಿಸಿ, ದೀಪಗಳು ಒಂದೊಂದಾಗಿ ಹತ್ತುವವರೆಗೆ ಬೆನ್ನು ಕೊಟ್ಟು ನಿಲ್ಲಬೇಕು. ನೆಮ್ಮದಿ ಕೊಡಬೇಕಾದ ಕೆಲಸವನ್ನೇ ಆಟದ ಅತಿ ಭಯದ ಗಳಿಗೆ ಮಾಡಿದ್ದಾರೆ. ಕಥೆ ಮಾತ್ರ ಐದಾರು ಗಂಟೆ ಮೊದಲೇ ಮುಗಿಯಬೇಕಿತ್ತು.

ಇದಕ್ಕೂ ಮೊದಲೇ, 2005ರ ‘ರೆಸಿಡೆಂಟ್ ಈವಿಲ್ 4’ರಲ್ಲಿ ಕ್ಯಾಪ್‌ಕಾಮ್ ಕಂಪನಿ ಇನ್ನೊಂದು ಉಪಾಯ ಹೂಡಿತ್ತು. ಆಟಗಾರ ಪದೇ ಪದೇ ಸಾಯುತ್ತಿದ್ದರೆ ಆಟ ಸದ್ದಿಲ್ಲದೆ ವೈರಿಗಳ ಬಲವನ್ನು ತಗ್ಗಿಸುತ್ತಿತ್ತು; ಚೆನ್ನಾಗಿ ಆಡಿದರೆ ಏರಿಸುತ್ತಿತ್ತು. ಮೊಮ್ಮಗನ ಜೊತೆ ಚೌಕಾಬಾರ ಆಡುವ ಅಜ್ಜ ಒಂದೆರಡು ಕಾಯಿ ಹೊಡೆಯದೆ ಬಿಡುತ್ತಾನಲ್ಲ, ಹಾಗೆ. ಗೊತ್ತಾದರೆ ಮೊಮ್ಮಗನಿಗೆ ಸಿಟ್ಟು, ಗೊತ್ತಾಗದಿದ್ದರೆ ಆಟ ರಂಗೇರುತ್ತದೆ. 2023ರ ಹೊಸ ಆವೃತ್ತಿಯಲ್ಲಿ ವೈರಿಯ ಕೊಡಲಿಯನ್ನೂ ಚಾಕುವಿನಿಂದ ತಡೆಯಬಹುದು. ಆದರೆ ತಡೆದಷ್ಟೂ ಚಾಕು ಸವೆಯುತ್ತದೆ, ಕೊನೆಗೆ ಮುರಿಯುತ್ತದೆ. ಧೈರ್ಯ ಕೊಟ್ಟಂತೆ ಮಾಡಿ ಅದಕ್ಕೊಂದು ಮಿತಿ ಹಾಕಿದ್ದಾರೆ. ಹೆದರಿಕೆಗಿಂತ ಉಲ್ಲಾಸವೇ ಹೆಚ್ಚಿರುವ ಹಾರರ್ ಇದು. ಈ ಪ್ರಕಾರಕ್ಕೆ ಹೊಸಬರಾದವರು ಇಲ್ಲಿಂದ ಶುರುಮಾಡಬಹುದು.

‘ಸೈಲೆಂಟ್ ಹಿಲ್ 2’ರದು ಇವೆಲ್ಲಕ್ಕಿಂತ ಆಳವಾದ ದಾರಿ. 2001ರ ಈ ಜಪಾನಿ ಆಟವನ್ನು ಪೋಲೆಂಡಿನ ಬ್ಲೂಬರ್ ಟೀಮ್ 2024ರ ಅಕ್ಟೋಬರ್‌ನಲ್ಲಿ ಹೊಸದಾಗಿ ಕಟ್ಟಿಕೊಟ್ಟಿತು. ಸತ್ತ ಹೆಂಡತಿಯಿಂದ ಪತ್ರ ಬಂತೆಂದು ಜೇಮ್ಸ್ ಎಂಬಾತ ಮಂಜು ಕವಿದ ಊರಿಗೆ ಬರುತ್ತಾನೆ. ಮಂಜಿಗೂ ಒಂದು ಚರಿತ್ರೆಯಿದೆ. 1999ರ ಮೊದಲ ‘ಸೈಲೆಂಟ್ ಹಿಲ್’ ಕಾಲಕ್ಕೆ ಪ್ಲೇಸ್ಟೇಷನ್‌ಗೆ ದೂರದ ಬೀದಿಗಳನ್ನು ಚಿತ್ರಿಸುವ ತಾಕತ್ತಿರಲಿಲ್ಲ, ಆ ಕೊರತೆಯನ್ನು ಮಂಜಿನಿಂದ ಮುಚ್ಚಿದರು. ಇವತ್ತಿನ ಯಂತ್ರಗಳಿಗೆ ಆ ಕೊರತೆಯಿಲ್ಲ, ಮಂಜು ಮಾತ್ರ ಉಳಿದಿದೆ, ಅದಿಲ್ಲದೆ ಆ ಊರೇ ಇಲ್ಲ.

ಈ ಆಟ ನಮ್ಮನ್ನು ಸೋಲಿಸುವ ರೀತಿ ಮುಗಿಸಿದ ಮೇಲೆ ತಿಳಿಯುತ್ತದೆ. ಕಥೆಗೆ ಹಲವು ಅಂತ್ಯಗಳಿವೆ. ಯಾವುದು ಬೇಕೆಂದು ಎಲ್ಲೂ ನೇರವಾಗಿ ಕೇಳುವುದಿಲ್ಲ. ಗಾಯವಾದಾಗ ತಡಮಾಡದೆ ಔಷಧಿ ಹಚ್ಚಿಕೊಂಡೆವೋ ಹಾಗೇ ಕುಂಟಿಕೊಂಡು ಅಲೆದೆವೋ, ಹೆಂಡತಿಯ ಫೋಟೊ ತೆಗೆದು ನೋಡಿದೆವೋ ಇಲ್ಲವೋ, ಜೊತೆಗೆ ಬಂದ ಹೆಂಗಸಿನ ಪಕ್ಕ ಎಷ್ಟು ಹೊತ್ತು ನಿಂತೆವು, ಇಂಥವನ್ನೆಲ್ಲ ಬಾಯಿ ಮುಚ್ಚಿಕೊಂಡು ಲೆಕ್ಕವಿಡುತ್ತದೆ. ಕೊನೆಗೆ ಜೇಮ್ಸ್‌ಗೆ ಬದುಕುವ ಆಸೆ ಇತ್ತೋ ಇಲ್ಲವೋ ಎಂಬ ತೀರ್ಪು ನಮ್ಮ ನಡತೆಯಿಂದಲೇ ಹೊರಡುತ್ತದೆ. ನಾವು ಆಟದ ಪರೀಕ್ಷೆ ಮಾಡುತ್ತಿದ್ದೇವೆ ಎಂದುಕೊಂಡಿದ್ದಾಗ ಅದು ನಮ್ಮನ್ನು ಪರೀಕ್ಷಿಸುತ್ತಿತ್ತು. ಹೊಸ ಆವೃತ್ತಿಯ ಕೊರತೆಯೆಂದರೆ ಉದ್ದ. ಹಳೆಯದರ ಹತ್ತಿರ ಹತ್ತಿರ ಇಮ್ಮಡಿ ಹೊತ್ತು ಹಿಡಿಯುತ್ತದೆ. ಜೈಲಿನ ಭಾಗಕ್ಕೆ ಬರುವ ವೇಳೆಗೆ ವಿಕಾರ ಜೀವಿಗಳನ್ನು ಬಡಿದು ಬಡಿದು ಕೈ ಸೋಲುತ್ತದೆ, ಭಯ ದಿನಗೂಲಿ ಕೆಲಸವಾಗಿಬಿಡುತ್ತದೆ.

ಕೊಳ್ಳುವವರಿಗೆ ಎರಡು ಮಾತು. ಇವುಗಳಲ್ಲಿ ಹಲವು ವರ್ಷಕ್ಕೆ ಕೆಲವು ಸಲ ರಿಯಾಯಿತಿಗೂ ಸಿಗುತ್ತವೆ. ‘ಬಾಲ್ಡರ್ಸ್ ಗೇಟ್ 3’ ಮತ್ತು ಇಲ್ಲಿ ಹೇಳಿದ ಹಾರರ್ ಆಟಗಳು ಹದಿನೆಂಟು ತುಂಬಿದವರಿಗೆ. ಮನೆಯಲ್ಲಿ ಮಕ್ಕಳಿದ್ದರೆ ಡಬ್ಬಿಯ ಮೇಲಿನ ಆ ಅಂಕಿಯನ್ನು ಅಲಂಕಾರ ಎಂದುಕೊಳ್ಳಬೇಡಿ. ವಾರಕ್ಕೆ ಒಂದೆರಡು ಸಂಜೆಯಷ್ಟೇ ಬಿಡುವಿರುವವರಿಗೆ ‘ಎಕ್ಸ್‌ಪೆಡಿಷನ್ 33’, ದೀರ್ಘ ರಜೆ ಸಿಕ್ಕವರಿಗೆ ‘ಬಾಲ್ಡರ್ಸ್ ಗೇಟ್ 3’, ಹಟಮಾರಿಗಳಿಗೆ ‘ಎಲ್ಡನ್ ರಿಂಗ್’.

ಟ್ರೇಲರ್ ನೋಡಿ ಮಾತ್ರ ಯಾವುದನ್ನೂ ಕೊಳ್ಳಬೇಡಿ. ಅದರಲ್ಲಿ ಯಾರೂ ಸೋಲುವುದಿಲ್ಲ. ಸಾಧಾರಣ ಆಟಗಾರನೊಬ್ಬ ಕತ್ತರಿ ಹಾಕದೆ ಹಾಕಿರುವ ಒಂದು ಗಂಟೆಯ ವಿಡಿಯೊ ಹುಡುಕಿ, ಅವನು ಸಾಯುವ ಜಾಗಕ್ಕೆ ಹೋಗಿ. ಯಾಕೆ ಸತ್ತೆ ಎಂದು ಅವನಿಗೆ ಅರ್ಥವಾಯಿತೇ? ಎಷ್ಟು ಬೇಗ ಮತ್ತೆ ಆಟಕ್ಕೆ ಮರಳಿದ? ಎರಡನೇ ಸಲ ಬೇರೆ ಥರ ಆಡಿದನೇ? ಮೂರಕ್ಕೂ ಹೌದು ಎಂದಾದರೆ ಗ್ರಾಫಿಕ್ಸ್ ಹೇಗೇ ಇರಲಿ, ಕೊಟ್ಟ ದುಡ್ಡಿಗೆ ಮೋಸವಿಲ್ಲ.